‘ನಾವು’ ಎಂಬ ಅಭ್ಯರ್ಥಿ

ಕಾಲೇಜು ಪ್ರವೇಶದ ಕಾಲ ಬಂತೆಂದರೆ ಅಪ್ಪ ಅಮ್ಮಂದಿರ ವ್ಯಾಕರಣ ಕೆಡುತ್ತದೆ ಎಂಬುದನ್ನು ಸೀಟಮ್ಮ ಬಹಳ ಹಿಂದೆಯೇ ಗಮನಿಸಿದ್ದಳು. ವರ್ಷವೆಲ್ಲ “ನಮ್ಮ ಹುಡುಗ ಓದಲ್ಲ”, “ನಮ್ಮ ಹುಡುಗಿ ಹೇಳಿದ ಮಾತು ಕೇಳಲ್ಲ” ಎಂದು ದೂರುತ್ತಿದ್ದವರು ಫಲಿತಾಂಶ ಬಂದ ಮರುದಿನವೇ ಮಗುವಿನೊಳಗೆ ಇಳಿದು ‘ನಾವು’ ಆಗಿಬಿಡುತ್ತಾರೆ. “ನಮಗೆ ಗಣಿತದಲ್ಲಿ ತೊಂಬತ್ತೆಂಟು ಬಂತು ಮೇಡಂ.” “ನಮಗೆ ಕೆಮಿಸ್ಟ್ರಿ ಒಂದು ತಲೆಗೆ ಹತ್ತಲ್ಲ.” ಒಮ್ಮೆ ಪೊದೆ ಮೀಸೆಯ ಸಿಮೆಂಟ್ ವ್ಯಾಪಾರಿಯೊಬ್ಬ ಎದುರಿನ ಕುರ್ಚಿಯ ತುಂಬ ಕೂತು, “ನಮಗೆ ಹುಡುಗೀರ ಹಾಸ್ಟೆಲಲ್ಲಿ ರೂಮ್ ಸಿಗುತ್ತಾ ಮೇಡಂ? ನಮಗೆ ಒಬ್ಬರೇ ಮಲಗೋಕೆ ಭಯ” ಎಂದು ಕೇಳಿದ್ದ. ಪಕ್ಕದಲ್ಲಿದ್ದ ಮಗಳು ನೆಲ ನೋಡುತ್ತಿದ್ದಳು. ಸೀಟಮ್ಮ ನಗದೆ ಉಳಿದದ್ದು ಪ್ರಯೋಗಾಲಯದಲ್ಲಿ ಕಲಿತ ಶಿಸ್ತಿನಿಂದ.

ಸೀಟಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು ಆ ಕೆಲಸ ಬಿಟ್ಟು ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಪ್ರವೇಶ ಸಲಹೆಯ ಕಚೇರಿ ತೆರೆದಳು. ಸೀಟು ಕೊಡಿಸುವ ಅಮ್ಮ ಎಂದು ಜನ ಬೆನ್ನ ಹಿಂದೆ ಸೀಟಮ್ಮ ಎಂದರು, ಎದುರಿಗೆ ಮೇಡಂ ಎಂದರು. ನಿಜ ಹೇಳಬೇಕೆಂದರೆ ಅವಳು ಯಾರಿಗೂ ಸೀಟು ಕೊಡಿಸುತ್ತಿರಲಿಲ್ಲ. ಯಾವ ಕಾಲೇಜಿನಲ್ಲಿ ಯಾವ ರಿಯಾಯಿತಿ ಇದೆ, ಅದನ್ನು ಕೇಳುವ ಬಗೆ ಹೇಗೆ, ಸಾಲದ ಕಾಗದದಲ್ಲಿ ಬ್ಯಾಂಕಿನವರು ಯಾವ ಸಾಲನ್ನು ಸಣ್ಣ ಅಕ್ಷರದಲ್ಲಿ ಅಡಗಿಸಿಡುತ್ತಾರೆ ಎಂಬುದನ್ನಷ್ಟೇ ಹೇಳಿಕೊಡುತ್ತಿದ್ದಳು. ಸೀಟು ಸಿಕ್ಕರೆ ಮಕ್ಕಳ ಜಾಣತನ, ಸಿಗದಿದ್ದರೆ ಸೀಟಮ್ಮನ ಕೈಗುಣ ಎಂಬ ಹಂಚಿಕೆಗೆ ಅವಳು ಒಗ್ಗಿಕೊಂಡಿದ್ದಳು.

ಅವಳ ಮೇಜಿನ ಹಿಂದಿನ ಗೋಡೆಯಲ್ಲಿ ಒಂದು ಬೋರ್ಡ್: ‘ಇಲ್ಲಿ ವಿದ್ಯಾರ್ಥಿ ಮಾತ್ರ ಮಾತನಾಡಬೇಕು.’ ಅದನ್ನು ಓದಿ ಹೇಳುತ್ತಿದ್ದವರೂ ಅಪ್ಪ ಅಮ್ಮಂದಿರೇ. “ನೋಡು, ನೀನು ಮಾತ್ರ ಮಾತಾಡ್ಬೇಕಂತೆ. ಇವನು ಮಾತೇ ಆಡಲ್ಲ ಮೇಡಂ, ನಮಗೆ ಮೊದಲಿಂದ ಸಂಕೋಚ ಜಾಸ್ತಿ.” ಬೋರ್ಡಿನಿಂದ ಪ್ರಯೋಜನವಿಲ್ಲ ಎಂದು ತಿಳಿದ ಮೇಲೆ ಸೀಟಮ್ಮ ಇನ್ನೊಂದು ಉಪಾಯ ಕಂಡುಕೊಂಡಿದ್ದಳು. ಡ್ರಾಯರಿನಲ್ಲಿ ಹಳದಿ ಕಾಗದದ ಉದ್ದನೆಯ ಫಾರ್ಮು ಇಟ್ಟಿದ್ದಳು. ಮುತ್ತಜ್ಜನ ಉದ್ಯೋಗ, ಮನೆಯ ಕಿಟಕಿಗಳು ಯಾವ ದಿಕ್ಕಿಗೆ ತೆರೆಯುತ್ತವೆ, ಕುಟುಂಬದಲ್ಲಿ ಎಡಗೈಯಲ್ಲಿ ಬರೆಯುವವರು ಎಷ್ಟು ಜನ, ಹೀಗೆ ಪ್ರಶ್ನೆಗಳು. ಆ ಫಾರ್ಮು ಯಾವ ಕಾಲೇಜಿಗೂ ಹೋಗುತ್ತಿರಲಿಲ್ಲ, ಸೀಟಮ್ಮನೇ ತಯಾರಿಸಿದ್ದು. “ಇದನ್ನ ತಂದೆ ತಾಯಿನೇ ತುಂಬಬೇಕು, ಒಂದಕ್ಷರ ತಪ್ಪಬಾರದು” ಎಂದು ಅವರ ಕೈಗೆ ಕೊಟ್ಟರೆ ಅವರು ಕಿಟಕಿಗಳ ದಿಕ್ಕಿನ ಬಗ್ಗೆ ಪಿಸುಮಾತಿನಲ್ಲಿ ಜಗಳ ಶುರು ಮಾಡುತ್ತಿದ್ದರು. ಆ ಬಿಡುವಿನಲ್ಲಿ ಮಗುವಿನ ಬಾಯಿಂದ ಒಂದೆರಡು ನಿಜ ಹೊರಬೀಳುತ್ತಿತ್ತು.

ಒಂದು ವರ್ಷ ಬಂದ ಟೈಲರ್ ತಾಯಿಯೊಬ್ಬಳ ಮುಂದೆ ಮಾತ್ರ ಹಳದಿ ಫಾರ್ಮು ಕೂಡ ಸೋತಿತು. ಆಕೆ ಅದನ್ನು ಗಂಡನ ಕೈಗೆ ದಾಟಿಸಿ, ತಾನು ಮಾತಿಗೆ ಕೂತಳು. ಗಂಡ ಲಿಫ್ಟ್ ರಿಪೇರಿ ಮಾಡುವವನು. ಬೇರೆಯವರು ಮೇಲೆ ಕೆಳಗೆ ಹೋಗುವಾಗ ನಡುವೆ ಸುಮ್ಮನೆ ನಿಂತು ರೂಢಿಯಾದ ಮನುಷ್ಯ. ನಾಲಗೆ ಕಚ್ಚಿಕೊಂಡು ಮುತ್ತಜ್ಜನ ಉದ್ಯೋಗ ನೆನಪಿಸಿಕೊಳ್ಳತೊಡಗಿದ. ಮಗಳು ಇಬ್ಬರ ನಡುವೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಏನು ಓದಬೇಕು ಅಂತ ಇದೆಯಮ್ಮ?” ಎಂದು ಸೀಟಮ್ಮ ಹುಡುಗಿಯನ್ನೇ ನೋಡಿ ಕೇಳಿದಳು.

“ಭೂವಿಜ್ಞಾನ ಮೇಡಂ” ಎಂದಳು ತಾಯಿ. “ನಮಗೆ ಚಿಕ್ಕಂದಿನಿಂದ ಕಲ್ಲು ಅಂದ್ರೆ ಪ್ರಾಣ. ಎಲ್ಲಿ ಕಲ್ಲು ಕಂಡ್ರೂ ಜೇಬಿಗೆ ಹಾಕ್ಕೋತೀವಿ. ನನ್ನ ಗುಂಡಿ ಡಬ್ಬಿಗಳೆಲ್ಲ ಈಗ ಕಲ್ಲು ಡಬ್ಬಿ. ಮೊನ್ನೆ ಒಬ್ರು ಕೋಟಿಗೆ ಗುಂಡಿ ಹೊಲಿಯೋಕೆ ಅಂತ ಕೈ ಹಾಕಿದ್ರೆ ಬೆಣಚುಕಲ್ಲು ಬಂತು. ತೂತು ಹುಡುಕಿದ್ದೇ ಹುಡುಕಿದ್ದು.”

ಹುಡುಗಿಯ ಮುಖದಲ್ಲಿ ನಗು ಬರುವುದಕ್ಕೆ ಮೊದಲೇ ತಾಯಿ, “ನಗು ಬರುತ್ತೆ ನಮಗೆ” ಎಂದು ಅದನ್ನೂ ತಾನೇ ಹೇಳಿಬಿಟ್ಟಳು.

ಊರಿನ ಇನ್ನೊಂದು ತುದಿಯಲ್ಲಿದ್ದ ದೊಡ್ಡ ಕಾಲೇಜಿನಲ್ಲಿ ಮಾತ್ರ ಭೂವಿಜ್ಞಾನವಿತ್ತು. ಹುಡುಗಿಯ ಅಂಕಗಳಿಗೆ ಅಲ್ಲಿ ಸೀಟು ಸಿಗುವುದು ಕಷ್ಟವಿರಲಿಲ್ಲ. ಪೂರ್ತಿ ಶುಲ್ಕ ಕಟ್ಟುವುದು ಮಾತ್ರ ಲಿಫ್ಟಿಗೂ ಹೊಲಿಗೆ ಯಂತ್ರಕ್ಕೂ ಮೀರಿದ್ದು. ರಿಯಾಯಿತಿ ಸಿಗದಿದ್ದರೆ ಮನೆಯ ಪಕ್ಕದ ಅಗ್ಗದ ಕಾಲೇಜಿನಲ್ಲಿ ವಾಣಿಜ್ಯ ಓದಬೇಕು. ಅಲ್ಲಿ ಕಲ್ಲು ಎಂದರೆ ಕಾಂಪೌಂಡಿನದು ಮಾತ್ರ. ಆದಾಯ ಕಡಿಮೆ ಇರುವವರ ರಿಯಾಯಿತಿಗೆ ಅರ್ಜಿ ಹಾಕೋಣ ಎಂದು ಸೀಟಮ್ಮ ಹೇಳಿದಳು. ಜೊತೆಗೆ ‘ನನ್ನ ಪರಿಚಯ’ ಎಂಬ ಬರಹವೊಂದು ಬೇಕು, ಅದನ್ನು ಹುಡುಗಿಯೇ ಬರೆಯಬೇಕು ಎಂದು ಒತ್ತಿ ಹೇಳಿದಳು.

“ನಾವೇ ಬರೀತೀವಿ ಮೇಡಂ” ಎಂದಳು ತಾಯಿ. ಆ ಮಾತನ್ನು ಸೀಟಮ್ಮ ಅಲ್ಲೇ ಹಿಡಿದು ನಿಲ್ಲಿಸಬೇಕಿತ್ತು.

ನಿಲ್ಲಿಸಲಿಲ್ಲ. ಸೀಟಮ್ಮ ಅಂಕಿಗಳನ್ನು ನಂಬುವವಳು. ಆದಾಯ, ಅಂಕ, ಹುಟ್ಟಿದ ದಿನಾಂಕ, ಇವನ್ನು ಪ್ರಯೋಗಾಲಯದ ಅಳತೆಗೊಳವೆಯ ಗೆರೆ ನೋಡುವವಳಂತೆ ಕಣ್ಣಿನ ಮಟ್ಟಕ್ಕೆ ಹಿಡಿದು ಪರೀಕ್ಷಿಸುತ್ತಿದ್ದಳು. ಬರಹವೆಂದರೆ ಅವಳ ಲೆಕ್ಕದಲ್ಲಿ ದ್ರಾವಣಕ್ಕೆ ಹಾಕುವ ಒಂದು ಹನಿ ಬಣ್ಣ. ಅದರಿಂದ ಅಳತೆ ಬದಲಾಗುವುದಿಲ್ಲ. ಪದಮಿತಿ ದಾಟಿಲ್ಲವೆಂದು ನೋಡಿ ಕಳಿಸಿಬಿಟ್ಟಳು.

ಕಾಲೇಜಿನಿಂದ ಬಂದ ಉತ್ತರವನ್ನು ಹಿಡಿದು ಆ ಕುಟುಂಬ ಮತ್ತೆ ಮೆಟ್ಟಿಲು ಹತ್ತಿ ಬಂದಾಗ ತಾಯಿಯ ಮುಖ ಅರಳಿತ್ತು, ತಂದೆಯದು ಗಂಟಿಕ್ಕಿತ್ತು. ಸೀಟಮ್ಮ ಕನ್ನಡಕ ಹಾಕಿಕೊಂಡು ಓದಿದಳು. ‘ನಿಮ್ಮಿಬ್ಬರ ಬರಹ ನಮ್ಮ ಸಮಿತಿಯ ಮನಸ್ಸನ್ನು ತಟ್ಟಿತು. ನಿಮ್ಮಿಬ್ಬರಿಗೂ ಪ್ರವೇಶ ನೀಡಲು ಹರ್ಷಿಸುತ್ತೇವೆ. ಒಂದೇ ಕುಟುಂಬದ ಇಬ್ಬರು ಓದುವುದರಿಂದ ಇಬ್ಬರಿಗೂ ಅರ್ಧ ಶುಲ್ಕ. ಎರಡನೆಯ ಅಭ್ಯರ್ಥಿಯ ಹೆಸರು ಅರ್ಜಿಯಲ್ಲಿ ಬಿಟ್ಟುಹೋಗಿದೆ. ದಾಖಲಾತಿಯ ದಿನ ತುಂಬತಕ್ಕದ್ದು.’

“ಯಾವ ಇಬ್ಬರು?” ಎಂದಳು ಸೀಟಮ್ಮ.

“ಅದೇ ಗೊತ್ತಾಗ್ತಿಲ್ಲ ಮೇಡಂ” ಎಂದ ತಂದೆ. “ನನಗೆ ಗೊತ್ತಿರೋ ಹಾಗೆ ಒಬ್ಬಳೇ.”

ಸೀಟಮ್ಮ ಅರ್ಜಿಯ ಪ್ರತಿ ತೆಗೆದು, ಮೊದಲೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದಳು. ಬರಹ ಹೀಗಿತ್ತು: ‘ನಾವು ಹುಟ್ಟಿದಾಗ ತೂಕ ಬಹಳ ಕಡಿಮೆ ಇತ್ತು, ಉಳಿಯುವ ಆಸೆಯೇ ಇರಲಿಲ್ಲ. ಆದರೂ ನಾವು ಉಳಿದೆವು. ನಾವು ಒಂದೇ ಹಾಸಿಗೆಯಲ್ಲಿ ಮಲಗಿ, ಒಂದೇ ದೀಪದಲ್ಲಿ ಓದಿದೆವು. ನಮ್ಮಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೂ ಬರುತ್ತದೆ. ಒಬ್ಬರು ಅತ್ತರೆ ಇನ್ನೊಬ್ಬರಿಗೆ ಊಟ ಸೇರುವುದಿಲ್ಲ…’

ಓದುತ್ತ ಹೋದಂತೆ ಸೀಟಮ್ಮನ ಕಣ್ಣೆದುರು ಸಣಕಲು ಅವಳಿ ಹುಡುಗಿಯರಿಬ್ಬರು ಕೈ ಕೈ ಹಿಡಿದು ನಿಂತರು. ಸಮಿತಿಯವರದು ತಪ್ಪಲ್ಲ. ರಾಜರನ್ನೂ ಪತ್ರಿಕೆಯ ಸಂಪಾದಕರನ್ನೂ ಬಿಟ್ಟರೆ ಒಬ್ಬರೇ ಇದ್ದು ‘ನಾವು’ ಎನ್ನುವವರು ಅವರ ಕಾಲೇಜಿಗೆ ಅರ್ಜಿ ಹಾಕಿರಲಿಕ್ಕಿಲ್ಲ.

“ಇದನ್ನ ಬರೆದದ್ದು ಯಾರು?”

“ಅವಳೇ ಬರೆದಿದ್ಲು ಮೇಡಂ, ಅಂಗೈಯಷ್ಟು. ‘ನನಗೆ ಕಲ್ಲು ಇಷ್ಟ, ಯಾಕಂದ್ರೆ ಅವು ಅವಸರ ಮಾಡಲ್ಲ’ ಅಂತ. ಇಷ್ಟೇ ಇಷ್ಟು ಬರೆದ್ರೆ ಯಾರು ಸೀಟು ಕೊಡ್ತಾರೆ? ನಾನು ಸ್ವಲ್ಪ ಬಟ್ಟೆ ಸೇರಿಸಿ ಹೊಲಿದೆ, ಅಷ್ಟೇ.”

ಹೇಳಿ ತಾಯಿ ಸುತ್ತ ನೋಡಿ, ದನಿ ತಗ್ಗಿಸಿದಳು. “ಮೇಡಂ, ನಮ್ಮಕ್ಕನ ಮಗಳು ಒಬ್ಬಳಿದ್ದಾಳೆ. ಮೂಗು ಒಂದು ಬಿಟ್ರೆ ಹಾಗೇ ಇವಳ ಥರಾನೇ. ಒಂದು ದಿನ ಕರ್ಕೊಂಡು ಹೋದ್ರೆ…”

“ಒಂದು ದಿನ ಹೋಗ್ತಾಳೆ. ಉಳಿದ ವರ್ಷಗಳಿಗೆ ಮೂಗು ಯಾರು ಕೊಡ್ತಾರೆ?” ಎಂದ ಗಂಡ. “ಸುಮ್ನಿರು ಕಣೇ.”

ಸೀಟಮ್ಮ ಅಪಾಯ ಎಲ್ಲಿದೆಯೆಂದು ಬಿಡಿಸಿ ಹೇಳಿದಳು. ಕುಟುಂಬದ ರಿಯಾಯಿತಿ ಕೊಟ್ಟಿರುವುದರಿಂದ ಆದಾಯದ ರಿಯಾಯಿತಿಯ ಅರ್ಜಿಯನ್ನು ಕಾಲೇಜಿನವರು ಮುಚ್ಚಿಬಿಟ್ಟಿದ್ದಾರೆ. ಅದರ ಗಡುವೂ ಮುಗಿದಿದೆ. ಇಲ್ಲದ ಅವಳಿಯನ್ನು ಇದ್ದಾಳೆ ಎಂದರೆ ಮೋಸ. ಇಲ್ಲ ಎಂದರೆ ಪೂರ್ತಿ ಶುಲ್ಕ; ಎಂದರೆ ವಾಣಿಜ್ಯ. ಅಷ್ಟು ಹೇಳಿ, “ನೀನು ಏನು ಹೇಳ್ತೀಯಮ್ಮ?” ಎಂದು ಹುಡುಗಿಯ ಕಡೆ ತಿರುಗಿದಳು. ತಾಯಿ ಬಾಯಿ ತೆರೆದಳು. ತಂದೆ ಮೊದಲ ಬಾರಿಗೆ ಹೆಂಡತಿಯ ಮೊಣಕೈ ಹಿಡಿದ.

ಹುಡುಗಿ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು, “ಗೊತ್ತಿಲ್ಲ ಮೇಡಂ” ಎಂದಳು. ಅವಳ ದನಿ ಹೀಗಿದೆಯೆಂದು ಸೀಟಮ್ಮನಿಗೆ ಆಗಲೇ ತಿಳಿದದ್ದು. ನಿರೀಕ್ಷಿಸಿದ್ದಕ್ಕಿಂತ ಗಟ್ಟಿಯಾಗಿತ್ತು.

ದಾಖಲಾತಿಯ ದಿನ ಸೀಟಮ್ಮ ಅವರ ಜೊತೆ ತಾನೂ ಹೋದಳು. ಸಾಮಾನ್ಯವಾಗಿ ಹೋಗುವವಳಲ್ಲ, ಓದದೆ ಕಳಿಸಿದ ಆ ಬರಹ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಶುಲ್ಕ ವಿಭಾಗದಲ್ಲಿ ಒಂದೇ ಕಿಟಕಿ, ಗೋಡೆಗೆ ಒರಗಿಸಿದ ಕಡತಗಳು, ಕಡತಗಳಿಗೆ ಒರಗಿಕೊಂಡಂತಿದ್ದ ಅಧಿಕಾರಿ. ಬೋಳುತಲೆ, ಅಂಗಿಯ ಜೇಬಿನಲ್ಲಿ ನಾಲ್ಕಾರು ಬಣ್ಣದ ಪೆನ್ನು. ಪತ್ರ ನೋಡಿದವನೇ ಎದ್ದು ನಿಂತ.

“ಓಹೋ, ಅವಳಿಗಳು! ಬನ್ನಿ ಬನ್ನಿ. ನಿಮ್ಮ ಬರಹ ಓದಿ ನಮ್ಮ ಸೂಪರಿಂಟೆಂಡೆಂಟ್ ಕಣ್ಣೊರೆಸಿಕೊಂಡ್ರು. ಕಂತು ಕಟ್ಟೋಕೆ ಒಂದು ದಿನ ತಡ ಆದ್ರೂ ಕರಗದ ಮನುಷ್ಯ ಅವರು. ಎಲ್ಲಿ ಇನ್ನೊಬ್ಬಳು?”

“ಜ್ವರ ಸರ್” ಎಂದಳು ತಾಯಿ, ಸೀಟಮ್ಮ ತಡೆಯುವಷ್ಟರಲ್ಲಿ. “ಮನೇಲಿ ಮಲಗಿದ್ದಾಳೆ.”

ಅಧಿಕಾರಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದ. ಕಡತ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟ. “ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರಿಗೂ ಬರುತ್ತದೆ ಅಂತ ಬರೆದಿದ್ದೀರಲ್ಲಮ್ಮ. ಮತ್ತೆ ಇವಳಿಗೆ ಯಾಕೆ ಬಂದಿಲ್ಲ?”

ತಾಯಿ ಮಗಳ ಹಣೆ ಮುಟ್ಟಿ ನೋಡಿದಳು, ಈಗಲಾದರೂ ಬಿಸಿಯಾಗಲಿ ಎಂಬಂತೆ. ಹುಡುಗಿ ಆ ಕೈಯನ್ನು ಮೆಲ್ಲಗೆ ಸರಿಸಿದಳು.

“ಇನ್ನೊಬ್ಬಳು ಇಲ್ಲ ಸರ್. ನಾನು ಒಬ್ಬಳೇ.”

ಅರ್ಧ ಶುಲ್ಕ ಆ ಮಾತಿನ ಜೊತೆಗೇ ಕಿಟಕಿಯಿಂದ ಹಾರಿಹೋಯಿತೆಂದು ಸೀಟಮ್ಮನಿಗೆ ಅನಿಸಿತು. ಹುಡುಗಿಗೂ ಅದು ಗೊತ್ತಿತ್ತು, ತುಟಿ ಬಿಗಿಹಿಡಿದಿದ್ದಳು. “ಅದು ಅಮ್ಮ ಬರೆದದ್ದು. ನಮ್ಮನೇಲಿ ನಾವು ಅಂದ್ರೆ ನಾನು. ಪೂರ್ತಿ ಶುಲ್ಕ ಕಟ್ಟೋಕೆ ನಮಗಾಗಲ್ಲ. ಸೀಟು ವಾಪಸ್ ತಗೊಳ್ಳಿ.”

ಅಧಿಕಾರಿ ಕುರ್ಚಿಯಲ್ಲಿ ಕುಸಿದ. ಆದರೆ ಅವನ ಚಿಂತೆ ಬೇರೆಯೇ ಆಗಿತ್ತು. “ವಾಪಸ್ ತಗೊಳ್ಳೋದಾ? ಹೇಗೆ ತಗೊಳ್ಳೋದಮ್ಮ? ಕಂಪ್ಯೂಟರಲ್ಲಿ ಇಬ್ಬರನ್ನ ಒಂದೇ ಸಂಖ್ಯೆಗೆ ಸೇರಿಸಿಯಾಗಿದೆ. ಒಬ್ಬರನ್ನ ತೆಗೆದರೆ ಇಬ್ಬರೂ ಹೋಗ್ತಾರೆ, ಇಬ್ಬರನ್ನೂ ತೆಗೆದರೆ ಸೂಪರಿಂಟೆಂಡೆಂಟ್ ಯಾಕೆ ಅಂತ ಕೇಳ್ತಾರೆ. ಒಮ್ಮೆ ಒಪ್ಪಿದ ಅಭ್ಯರ್ಥಿಯನ್ನ ತೆಗೀಬೇಕಾದ್ರೆ ಒಂದೋ ವರ್ಗಾವಣೆ ಪತ್ರ ಬೇಕು, ಇಲ್ಲಾ ಮರಣ ಪ್ರಮಾಣಪತ್ರ ಬೇಕು.”

“ಹುಟ್ಟದೇ ಇರೋಳಿಗೆ ಮರಣ ಪ್ರಮಾಣಪತ್ರ ಎಲ್ಲಿಂದ ತರ್ಲಿ ಸರ್?” ಎಂದ ಲಿಫ್ಟಿನವನು.

“ಅದು ಪುರಸಭೆಯ ಕೆಲಸ, ನಮ್ಮದಲ್ಲ. ಹುಟ್ಟಿಲ್ಲ ಅಂತ ಅವರು ಬರೆದುಕೊಟ್ರೆ ನಾವು ಸತ್ತಿದ್ದಾರೆ ಅಂತ ತಗೋತೀವಿ.”

ಸೀಟಮ್ಮ ಅಷ್ಟು ಹೊತ್ತು ಗೋಡೆಯ ಮೇಲಿನ ರಿಯಾಯಿತಿ ನಿಯಮಗಳನ್ನು ಓದುತ್ತಿದ್ದಳು. ಒಂದು ಸಲ ಓದದೆ ಕೆಟ್ಟವಳು, ಈ ಸಲ ಪೂರ್ಣವಿರಾಮಗಳನ್ನೂ ಬಿಡಲಿಲ್ಲ. “ಇಲ್ಲಿ ‘ಒಂದೇ ಕುಟುಂಬದ ಇಬ್ಬರು ಸದಸ್ಯರು’ ಅಂತ ಇದೆ. ಅಕ್ಕ ತಂಗಿ ಅಂತ ಇಲ್ಲ. ಒಂದೇ ಕೋರ್ಸ್ ಅಂತಲೂ ಇಲ್ಲ. ವಯಸ್ಸೂ ಇಲ್ಲ.”

ಅಧಿಕಾರಿಯ ಮುಖದಲ್ಲಿ ಬೆಳಕು ಹರಿಯಿತು. ಇಲ್ಲದವಳನ್ನು ಅಳಿಸುವುದಕ್ಕಿಂತ ಇರುವವಳನ್ನು ಸೇರಿಸುವುದು ಸುಲಭವೆಂದು ಅವನಿಗೆ ತಕ್ಷಣ ಹೊಳೆಯಿತು. “ಹೌದಲ್ಲ! ಎರಡನೇ ಹೆಸರಿನ ಜಾಗ ಖಾಲಿನೇ ಇದೆ. ಸಂಜೆ ತರಗತಿಯಲ್ಲಿ ಸಂಖ್ಯಾಶಾಸ್ತ್ರದ ಸಣ್ಣ ಕೋರ್ಸ್ ಇದೆ, ನಮ್ಮಲ್ಲಿ ಅತಿ ಅಗ್ಗದ್ದು. ಯಾರೂ ಸೇರಲ್ಲ, ಅದಕ್ಕೇ ಅಗ್ಗ. ಯಾರ ಹೆಸರು ಬರೀಲಿ? ಹನ್ನೆರಡನೇ ತರಗತಿ ಪಾಸಾಗಿದ್ರೆ ಸಾಕು. ಪರೀಕ್ಷೆ ಮಾತ್ರ ಪಾಸಾಗ್ತಾ ಇರಬೇಕು, ಇಲ್ದಿದ್ರೆ ಇಬ್ಬರ ರಿಯಾಯಿತಿನೂ ಹೋಗುತ್ತೆ.”

“ನನಗಾಗಲ್ಲ” ಎಂದ ತಂದೆ. “ಲಿಫ್ಟಲ್ಲಿ ಸಿಕ್ಕಿಕೊಂಡೋರಿಗೆ ಕ್ಲಾಸ್ ಮುಗಿಸಿ ಬರ್ತೀನಿ ಅನ್ನೋಕಾಗುತ್ತಾ? ಹನ್ನೆರಡನೇದು ಪಾಸಾಗಿರೋದೂ ಇವಳೇ.”

ಎಲ್ಲರೂ ಟೈಲರ್ ತಾಯಿಯನ್ನು ನೋಡಿದರು. ಆಕೆ, ಮೊದಲ ಸಲ, ಮಗಳ ಬಾಯಿ ನೋಡಿದಳು.

“ಒಂದು ನಿಮಿಷ ಸರ್” ಎಂದು ಹುಡುಗಿ ತಾಯಿಯನ್ನು ಹೊರಗೆ ಕರೆದುಕೊಂಡು ಹೋದಳು. ಸೀಟಮ್ಮ ಬಾಗಿಲ ಬಳಿಯ ಬೆಂಚಿನಲ್ಲಿ ಕೂತಳು. ಕದ್ದು ಕೇಳುವ ಉದ್ದೇಶವಿರಲಿಲ್ಲ, ಆದರೆ ಕಿವಿ ಮುಚ್ಚಿಕೊಳ್ಳುವ ಉದ್ದೇಶವೂ ಇರಲಿಲ್ಲ. ಹುಡುಗಿಯ ಸಂಕಟ ಅವಳಿಗೆ ಅರ್ಥವಾಗುತ್ತಿತ್ತು. ಅಮ್ಮನಿಲ್ಲದ ಒಂದು ಜಾಗ ಬೇಕೆಂದು ಕಾಲೇಜಿಗೆ ಹೊರಟರೆ, ಆ ಜಾಗಕ್ಕೆ ಅಮ್ಮನೇ ಟಿಕೆಟ್.

“ಅಮ್ಮ, ನೀನು ಬರೋದಾದ್ರೆ ಬಾ. ಆದ್ರೆ ಒಂದೇ ಬಸ್ಸಲ್ಲಿ ಬರೋ ಹಾಗಿಲ್ಲ. ನನ್ನ ಡಿಪಾರ್ಟ್‌ಮೆಂಟ್ ಕಡೆ ಬರೋ ಹಾಗಿಲ್ಲ. ನನ್ನ ಮೇಷ್ಟ್ರ ಹತ್ರ ಮಾತಾಡೋ ಹಾಗಿಲ್ಲ.”

“ಆಯ್ತು. ನಾವು ಯಾರ ಹತ್ರಾನೂ…”

“ಅದೇ ಅಮ್ಮ! ನಾವು ಅನ್ಬೇಡ.”

“ಮತ್ತೇನನ್ಲಿ?”

“ನಾನು ಅನ್ನು.”

“ನಾನು…” ಎಂದಳು ತಾಯಿ. ನಿಂತಳು. “ನಾನು…” ಎಂದಳು ಮತ್ತೆ, ನೂಲು ಪೋಣಿಸಲು ಸೂಜಿಯ ಕಣ್ಣು ಹುಡುಕುವವಳಂತೆ. “ನಿನಗೆ ಬಟ್ಟೆ ಹೊಲಿದೆ, ಬುತ್ತಿ ಕಟ್ಟಿದೆ ಅಂದ್ರೆ ಸಲೀಸಾಗಿ ಬರುತ್ತೆ. ಬರೀ ನನ್ನ ಬಗ್ಗೆ ನಾನು ಅಂತ ಶುರು ಮಾಡಿದ್ರೆ ಮುಂದೆ ಏನು ಹೇಳ್ಬೇಕು ಅಂತಾನೇ ಗೊತ್ತಾಗಲ್ಲ ಕಣೇ.”

ಬಾಗಿಲ ಸಂದಿಯಲ್ಲಿ ಸೀಟಮ್ಮನಿಗೆ ಕಂಡದ್ದು ಇಷ್ಟೇ: ಮಗಳು ತಾಯಿಯ ಭುಜದ ಮೇಲೆ ಅಂಟಿದ್ದ ದಾರದ ಎಳೆಯೊಂದನ್ನು ತೆಗೆದು, ಬಿಸಾಡದೆ, ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಎರಡನೆಯ ಹೆಸರಿನ ಜಾಗ ತುಂಬಿತು. ಅಧಿಕಾರಿ ಸಂತೋಷದಿಂದ ಹಸಿರು ಪೆನ್ನಿನಲ್ಲಿ ಸಹಿ ಹಾಕಿದ. ‘ಸಂಬಂಧ’ ಎಂಬಲ್ಲಿ ಕಂಪ್ಯೂಟರು ‘ಅವಳಿ’ ಎಂದೇ ಉಳಿಸಿಕೊಂಡಿತು. ಅದನ್ನು ತಿದ್ದಲು ಬೇರೆ ಅರ್ಜಿ ಬೇಕು, ಬಿಡಿ ಎಂದ.

ಅದಾದ ಮೇಲೆ ಸೀಟಮ್ಮ ಆ ಕುಟುಂಬವನ್ನು ಹೆಚ್ಚುಕಡಿಮೆ ಮರೆತಿದ್ದಳು. ಪ್ರವೇಶದ ಗದ್ದಲ ಮುಗಿದು, ಬೋರ್ಡಿನ ಮೇಲೆ ದೂಳು ಕೂತಿದ್ದ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಟೈಲರ್ ತಾಯಿ, ಮಗಳು. ಮಗಳು ನೇರವಾಗಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. ತಾಯಿ ಪಕ್ಕದಲ್ಲಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊಸ ಬ್ಯಾಗು, ಅವಳೇ ಹೊಲಿದದ್ದಿರಬೇಕು. ಗುಂಡಿಯ ಜಾಗದಲ್ಲಿ ನುಣುಪಾದ ಬೂದು ಕಲ್ಲೊಂದನ್ನು ದಾರದಿಂದ ಬಿಗಿದಿದ್ದಳು.

“ಮೇಡಂ, ನಾವು ಟೆಸ್ಟಲ್ಲಿ ಫೇಲಾಗಿದ್ದೀವಿ” ಎಂದಳು ಹುಡುಗಿ.

“ಭೂವಿಜ್ಞಾನದಲ್ಲಾ?”

“ಅಯ್ಯೋ ಅಲ್ಲ, ಅದರಲ್ಲಿ ನಾನು ಚೆನ್ನಾಗೇ ಇದ್ದೀನಿ. ಸಂಖ್ಯಾಶಾಸ್ತ್ರದಲ್ಲಿ. ನಾವು ಮನೇಲಿ ಪುಸ್ತಕಾನೇ ಮುಟ್ಟಲ್ಲ ಮೇಡಂ. ಯಾವಾಗ ನೋಡಿದ್ರೂ ಮೆಷಿನ್ ಮುಂದೆ. ಹೇಳಿಕೊಟ್ಟಾಗ ಹೂಂ ಅಂತೀವಿ, ಪರೀಕ್ಷೇಲಿ ನಮಗೆ ತೋಚಿದ್ದು ಬರೀತೀವಿ. ವರ್ಷದ ಪರೀಕ್ಷೆಲೂ ಹೀಗೇ ಆದ್ರೆ ನನ್ನ ಫೀಸೂ ಹೋಯ್ತು, ಸೀಟೂ ಹೋಯ್ತು. ಒಂದು ಟ್ಯೂಷನ್ ಎಲ್ಲಾದ್ರೂ ಇದ್ರೆ ಹೇಳಿ. ನಮಗೆ ಬುದ್ಧಿ ಇದೆ ಮೇಡಂ, ಗಮನ ಇಲ್ಲ.”

ತಾಯಿ ನೆಲ ನೋಡುತ್ತಿದ್ದಳು. ಸೀಟಮ್ಮನಿಗೆ ಪೊದೆ ಮೀಸೆಯ ಸಿಮೆಂಟ್ ವ್ಯಾಪಾರಿ ನೆನಪಾದ. ಈ ರೋಗ ಅಪ್ಪ ಅಮ್ಮಂದಿರಿಗೆ ಮಾತ್ರ ಬರುವುದೆಂದು ಅವಳು ಇಷ್ಟು ದಿನ ನಂಬಿದ್ದಳು. ಲೆಕ್ಕಕ್ಕೆ ತೆಗೆದುಕೊಂಡ ಮಾದರಿ ಚಿಕ್ಕದಿತ್ತು, ತೀರ್ಮಾನ ಅವಸರದ್ದಾಗಿತ್ತು.

ಅವಳು ಕುರ್ಚಿಯನ್ನು ತಾಯಿಯ ಕಡೆಗೆ ತಿರುಗಿಸಿಕೊಂಡಳು. “ನೀವು ಹೇಳಿ. ಏನಾಯ್ತು?”

“ಅದೇನಂದ್ರೆ ಮೇಡಂ, ನಮಗೆ…” ಎಂದು ಮಗಳು ಶುರು ಮಾಡಿದಳು.

ಸೀಟಮ್ಮ ಕೈಯೆತ್ತಿ ತಡೆದಳು. ತಾಯಿ ಬ್ಯಾಗಿನ ಕಲ್ಲನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು.

“ನಾನು” ಎಂದಳು. ನಿಲ್ಲುತ್ತಾಳೆಂದು ಸೀಟಮ್ಮ ಕಾದಳು. ನಿಲ್ಲಲಿಲ್ಲ. “ನಾನು ತಪ್ಪು ಬರೆದಿಲ್ಲ ಮೇಡಂ. ಪ್ರಶ್ನೆನೇ ತಪ್ಪಿತ್ತು. ಮೂರು ಜನರ ಎದೆ ಅಳತೆ ಕೊಟ್ಟು ಸರಾಸರಿ ತೆಗೀರಿ ಅಂದಿದ್ರು. ತೆಗೆದೆ. ಆಮೇಲೆ, ಇದರಿಂದ ಏನು ತಿಳಿಯುತ್ತದೆ ಅಂತ ಕೇಳಿದ್ರು. ಈ ಅಳತೆಗೆ ಹೊಲಿದ್ರೆ ಮೂವರೂ ಅಂಗಿ ವಾಪಸ್ ತರ್ತಾರೆ ಅಂತ ಬರೆದೆ. ಅದಕ್ಕೆ ಸೊನ್ನೆ ಕೊಟ್ಟವ್ರೆ. ನಾನು ಬಿಡಲ್ಲ, ನಾಳೆ ಮೇಷ್ಟ್ರನ್ನ ಕೇಳ್ತೀನಿ. ಉಳಿದ ಲೆಕ್ಕ ಬೇಕಾದ್ರೆ ಕಲೀತೀನಿ.”

“ಅಮ್ಮಾ, ನಾವು ಮೇಷ್ಟ್ರ ಹತ್ರ ಹಾಗೆಲ್ಲ ಮಾತಾಡ್ಬಾರ್ದು…”

ಸೀಟಮ್ಮ ಡ್ರಾಯರು ಎಳೆದು, ಹಳದಿ ಫಾರ್ಮೊಂದನ್ನು ತೆಗೆದು ಮಗಳ ಮುಂದಿಟ್ಟಳು.

“ಇದನ್ನ ನೀನೇ ತುಂಬಬೇಕಮ್ಮ. ಒಂದಕ್ಷರ ತಪ್ಪಬಾರದು. ಕಿಟಕಿಯಿಂದ ಶುರು ಮಾಡು.”